ಹಾಗಲಕಾಯಿಯ ಷರಾ

ಆ ಕಟ್ಟಡದಲ್ಲಿ ಭಯೋತ್ಪಾದನೆ ನಡೆಯುತ್ತಿದ್ದುದು ಮೊದಲನೆಯ ಮಹಡಿಯಲ್ಲಿ. ಅಲ್ಲಿ ಹಲ್ಲಿನ ಡಾಕ್ಟರಿದ್ದರು. ಅದರ ಅಧ್ಯಯನ ನಡೆಯುತ್ತಿದ್ದುದು ಎರಡನೆಯ ಮಹಡಿಯಲ್ಲಿ. ಲೇಖನ ಹಿಡಿದು ಮೆಟ್ಟಿಲು ಹತ್ತುವ ಪ್ರೊಫೆಸರುಗಳು ಕೊರೆಯುವ ಯಂತ್ರದ ಸದ್ದು ಕೇಳಿ ದವಡೆ ಹಿಡಿದುಕೊಂಡೇ ಮೇಲೆ ಬರುತ್ತಿದ್ದರು. ಬಾಗಿಲ ಮೇಲೆ ಹಿತ್ತಾಳೆಯ ಫಲಕ: 'ಅನಿಯತ ಯುದ್ಧ ಮತ್ತು ಭಯೋತ್ಪಾದನೆ, ತ್ರೈಮಾಸಿಕ ಸಂಶೋಧನಾ ಪತ್ರಿಕೆ'. ಅನಿಯತ ಯುದ್ಧದ ಈ ನಿಯತಕಾಲಿಕೆ ಹೇಳಿದ ತಿಂಗಳಿಗೆ ಹೊರಬಂದದ್ದು ಅಪರೂಪ. ಯುದ್ಧದ ಗುಣ ಪತ್ರಿಕೆಗೂ ಅಂಟಿಕೊಂಡಿದೆ ಎಂದು ಒಳಗಿನವರೇ ನಗುತ್ತಿದ್ದರು.

ಒಳಗಿನವರು ಎಂದರೆ ಈಗ ಒಬ್ಬನೇ. ಆದ್ದರಿಂದ ನಗುವೂ ಕಡಿಮೆಯಾಗಿತ್ತು.

ಅವನನ್ನು ಎಲ್ಲರೂ ಅಲ್ಪವಿರಾಮ ಎನ್ನುತ್ತಿದ್ದರು. ಪತ್ರಿಕೆಯನ್ನು ಹುಟ್ಟುಹಾಕಿದ ಸಂಪಾದಕರು ಇಟ್ಟ ಹೆಸರು. ಕರಡು ತಿದ್ದಲು ಇವನು ಸೇರಿದ ಹೊಸತರಲ್ಲಿ, ಬೆನ್ನು ಗೂನು ಮಾಡಿಕೊಂಡು ಮೇಜಿಗೆ ಮೂಗು ತಾಗಿಸಿ ಕೂತದ್ದನ್ನು ಬಾಗಿಲಲ್ಲಿ ನಿಂತು ನೋಡಿ, "ಇದೇನಯ್ಯ, ಯಾವುದೋ ವಾಕ್ಯದಿಂದ ಅಲ್ಪವಿರಾಮ ಜಾರಿ ಕುರ್ಚಿ ಮೇಲೆ ಬಿದ್ದ ಹಾಗಿದೆ" ಎಂದಿದ್ದರು. ಹೆಸರು ಅಂಟಿತು. ಹೆಸರಿಗೆ ತಕ್ಕ ಹಾಗೆ ವಿರಾಮವೂ ಅಲ್ಪವೇ ಸಿಕ್ಕಿತು. ಮದುವೆಗೆ ಪುರುಸೊತ್ತಾಗಲಿಲ್ಲ ಎಂದು ಅವನು ಅಕ್ಕನಿಗೆ ಹೇಳುತ್ತಿದ್ದ. ಪುರುಸೊತ್ತು ಕೊಟ್ಟಿದ್ದರೂ ಏನು ಮಾಡುತ್ತಿದ್ದನೋ ಅಕ್ಕನಿಗೆ ಅನುಮಾನವಿತ್ತು.

ಸಂಪಾದಕರು ಒಂದು ಕಾಲಕ್ಕೆ ಸೈನ್ಯದಲ್ಲಿದ್ದು, ಮೊಣಕಾಲಿಗೆ ಪೆಟ್ಟು ಬಿದ್ದ ಮೇಲೆ ಪಾಠ ಹೇಳಲು ಬಂದವರು. ಹಿಂದಿನಿಂದ ಎಲ್ಲರೂ ಅವರನ್ನು ದಂಡನಾಯಕರು ಎನ್ನುತ್ತಿದ್ದರು. "ಕಾಗದ ದಂಡ, ಶಾಯಿ ದಂಡ, ಆಯಸ್ಸೂ ದಂಡ, ಮತ್ತೆ ನಾಯಕನಾಗದೆ ಇನ್ನೇನು" ಎಂದು ಅವರು ಮುಂದಿನಿಂದಲೇ ಹೇಳಿಕೊಳ್ಳುತ್ತಿದ್ದರು. ಪತ್ರಿಕೆ ಹುಟ್ಟಿದಾಗ ಅದರ ಹೆಸರು 'ಸಣ್ಣ ಸಮರ'. ಸೈಕ್ಲೋಸ್ಟೈಲ್ ಮಾಡಿ, ದಬ್ಬಣದಲ್ಲಿ ಹೊಲಿದು ಹಂಚುತ್ತಿದ್ದ ಅದು ಆಮೇಲೆ 'ಬಂಡಾಯ ಮತ್ತು ಬಂಡಾಯ ನಿಗ್ರಹ' ಆಯಿತು. ಮುಂದೊಂದು ದಿನ ಎಲ್ಲೋ ದೊಡ್ಡ ಸ್ಫೋಟವಾಯಿತು. ಬೆಳಗಾಗುವಷ್ಟರಲ್ಲಿ ಜಗತ್ತಿನ ತುಂಬ ತಜ್ಞರು ಹುಟ್ಟಿಕೊಂಡು, ಬಾಗಿಲ ಸಂದಿಯಿಂದ ಲೇಖನಗಳು ನುಗ್ಗತೊಡಗಿದವು. ಈಗಿನ ಹೆಸರು ಬಂದದ್ದು ಆಗ. ಹೆಸರು ಯಾವುದಾದರೂ ಒಳಗಿನ ಜಗಳ ಒಂದೇ: ಭಯೋತ್ಪಾದನೆ ಎಂದರೇನು? ಒಂದು ಸಂಚಿಕೆಯಲ್ಲಿ ಒಬ್ಬರು ವ್ಯಾಖ್ಯೆ ಕಟ್ಟುವರು, ಮುಂದಿನ ಸಂಚಿಕೆಯಲ್ಲಿ ಇನ್ನೊಬ್ಬರು ಅದರ ಅಡಿಗೆ ಮದ್ದು ಇಡುವರು. "ನಾವು ದಾಖಲಿಸಿದ ಅತಿ ದೀರ್ಘ ಅನಿಯತ ಯುದ್ಧ ಇದೇ" ಎನ್ನುತ್ತಿದ್ದರು ದಂಡನಾಯಕರು.

'ಸಣ್ಣ ಸಮರ'ದ ದಿನಗಳಲ್ಲೇ ಒಂದು ಘಟನೆ ನಡೆದಿತ್ತು. ಇಂಥ ಪತ್ರಿಕೆಗಳಲ್ಲಿ ಬಂದ ಲೇಖನವನ್ನು ವಿಷಯ ಬಲ್ಲ ಇನ್ನೊಬ್ಬರಿಗೆ ಕಳಿಸಿ, ಅವರ ಷರಾ ಬಂದ ಮೇಲೆಯೇ ಅಚ್ಚು ಮಾಡುವುದು ಪದ್ಧತಿ. ಹಾಗೆ ಓದಿದ ಪರಿಶೀಲಕರೊಬ್ಬರು, ಇದು ಸಂಶೋಧನೆಯಲ್ಲ, ಬಂದೂಕು ಹಿಡಿದವರ ತುತ್ತೂರಿ ಎಂದು ಬರೆದರು. ಅವರ ಹೆಸರು ಕಚೇರಿಯಿಂದ ಹೇಗೋ ಸೋರಿತು. ಒಂದು ಬೆಳಗ್ಗೆ ಅವರ ಮನೆಯ ಕಿಟಕಿ ಒಡೆದು ಕಲ್ಲು ಒಳಗೆ ಬಿತ್ತು. ಕಲ್ಲಿಗೆ ಸುತ್ತಿದ್ದುದು ಅವರದೇ ಷರಾದ ಪ್ರತಿ. ಅವರು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಊರು ಬಿಟ್ಟರು.

ಅಂದಿನಿಂದ ದಂಡನಾಯಕರ ಕಾನೂನು ಜಾರಿಯಾಯಿತು. ಪರಿಶೀಲಕರು ಯಾರೆಂದು ಲೇಖಕರಿಗಿರಲಿ, ಕಚೇರಿಗೂ ತಿಳಿಯಕೂಡದು. ಅವರ ಹೆಸರು ಯಾವ ಕಾಗದದ ಮೇಲೂ ಇರಕೂಡದು. ಇರುವುದು ದಂಡನಾಯಕರ ತಲೆಯೊಳಗೆ ಮಾತ್ರ. ಲೇಖನ ಕಚೇರಿಯಿಂದ ಅವರ ಮನೆಗೆ ಹೋಗಬೇಕು, ವಿಳಾಸ ಬರೆದು ಅಂಚೆಗೆ ಹಾಕುವುದು ಅವರೇ. ಷರಾ ಬರುವುದೂ ಮನೆಗೇ. ಕವರನ್ನು ಅಲ್ಲೇ ಸುಟ್ಟು, ಟೈಪು ಮಾಡಿದ ಹಾಳೆಯನ್ನಷ್ಟೇ ಕಚೇರಿಗೆ ತರುವುದು. ಲೇಖನವಿಲ್ಲದೆ ಯಾರಿಗೂ ಒಂದು ಕವರೂ ಹೋಗಕೂಡದು.

ಕರೆಯಲು ಗುಪ್ತನಾಮ ಬೇಕಲ್ಲ. ದಂಡನಾಯಕರು ಹಳೆಯ ಅಭ್ಯಾಸದಂತೆ ಹದ್ದು, ಹುಲಿ, ಸಿಡಿಲು ಎಂದು ಶುರುಮಾಡಿದರು. ಪಕ್ಕದಲ್ಲಿ ತರಕಾರಿ ಹೆಚ್ಚುತ್ತಿದ್ದ ಅವರ ಹೆಂಡತಿ ತಲೆಯೆತ್ತಿ, "ಕೂತಲ್ಲಿ ಕಾಗದ ಓದೋ ಮುದುಕರಿಗೆ ಹುಲಿ ಅಂತ ಯಾಕ್ರೀ, ಕುಂಬಳಕಾಯಿ ಅನ್ನಿ ಸಾಕು" ಎಂದರು. ಹಾಗೆ ಒಂದು ಯುದ್ಧಪತ್ರಿಕೆಯ ಬೇಹುಗಾರಿಕೆ ತರಕಾರಿ ಬುಟ್ಟಿಗೆ ಬಂದು ಬಿತ್ತು.

ಆಗ ಕಚೇರಿ ತುಂಬಿತ್ತು. ಟೈಪಿಸ್ಟ್ ಇದ್ದಳು, ಕಟ್ಟು ಕಟ್ಟುವವನಿದ್ದ, ಚಂದಾ ನೋಡಿಕೊಳ್ಳುವವನಿದ್ದ. ಷರಾ ಬಂದ ದಿನ ಎಲ್ಲರೂ ಅಲ್ಪವಿರಾಮನ ಮೇಜಿನ ಸುತ್ತ ಸೇರುತ್ತಿದ್ದರು. ಅವನಿಗೆ ಒಂದು ವಿದ್ಯೆಯಿತ್ತು: ಯಾರ ಮಾತನ್ನಾದರೂ ಅವರ ಹಾಗೆಯೇ ಆಡಿ ತೋರಿಸುತ್ತಿದ್ದ. ಕಾಣದವರಿಗೂ ಬರವಣಿಗೆ ನೋಡಿ ಧ್ವನಿ ಹೊಲಿದು ಕೊಡುತ್ತಿದ್ದ. ಕುಂಬಳಕಾಯಿ ಎಲ್ಲವನ್ನೂ ಒಪ್ಪುತ್ತಿತ್ತು; ಅದಕ್ಕೆ ಹೊಟ್ಟೆಯಿಂದ ಉರುಳಿಬರುವ ಧ್ವನಿ: "ಉತ್ತಮ ಪ್ರಯತ್ನ. ಪ್ರಕಟಿಸಬಹುದು." ನುಗ್ಗೆಕಾಯಿ ಒಂದು ವಾಕ್ಯವನ್ನು ಪುಟದುದ್ದ ಎಳೆಯುತ್ತಿತ್ತು; ಸಣ್ಣ ದನಿಯಲ್ಲಿ ಅದು ಕ್ರಿಯಾಪದ ಮುಟ್ಟುವಷ್ಟರಲ್ಲಿ ಟೈಪಿಸ್ಟ್ ನಗು ತಡೆಯಲಾರದೆ ಹೊರಗೆ ಹೋಗಿರುತ್ತಿದ್ದಳು. ಈರುಳ್ಳಿ ಲೇಖನವನ್ನು ಪದರಪದರವಾಗಿ ಬಿಡಿಸಿ ಲೇಖಕರ ಕಣ್ಣಲ್ಲಿ ನೀರು ತರಿಸುತ್ತಿತ್ತು.

ಹಾಗಲಕಾಯಿಗೆ ಮಾತ್ರ ಧ್ವನಿ ಸಿಗಲಿಲ್ಲ. ಅದರ ಷರಾ ಕಹಿ, ಚಿಕ್ಕದು, ಸರಿಯಾದದ್ದು. "ಲೇಖಕರು ಈ ಯುದ್ಧವನ್ನು ದೂರದರ್ಶನದಲ್ಲಿ ನೋಡಿದ್ದಾರೆ. ನಾನೂ ನೋಡಿದ್ದೇನೆ. ಹೊಸತೇನು?" ಇದನ್ನು ಗಡಸಾಗಿ ಓದಿದರೆ ಸುಳ್ಳೆನಿಸುತ್ತಿತ್ತು, ನಗುತ್ತ ಓದಿದರೆ ಇನ್ನೂ ಸುಳ್ಳೆನಿಸುತ್ತಿತ್ತು.

ಪ್ರತಿ ಷರಾದ ಕೊನೆಗೆ 'ಕಚೇರಿಗೆ ಮಾತ್ರ' ಎಂಬ ಚೌಕ. ಹಾಗಲಕಾಯಿ ಅದರಲ್ಲಿ "ತಿರಸ್ಕರಿಸಿ" ಎಂಬುದನ್ನು ಬಿಟ್ಟು ಬೇರೇನೂ ಬರೆದಿರಲಿಲ್ಲ. ಒಂದು ಸಲ ಬರೆಯಿತು: "ಒಂಬತ್ತನೆಯ ಪುಟದ ಉದ್ದ ವಾಕ್ಯವನ್ನು ಒಡೆದದ್ದು ಲೇಖಕರಲ್ಲ. ಅವರಿಗೆ ಅಷ್ಟು ಬುದ್ಧಿಯಿಲ್ಲ. ಒಡೆದವರಿಗೆ ಓದುಗರ ಉಸಿರು ಗೊತ್ತಿದೆ."

ಲೇಖನ ಕಳಿಸುವ ಮುಂಚೆ ಆ ವಾಕ್ಯ ಒಡೆದವನು ಅಲ್ಪವಿರಾಮನೇ. ಆ ಹಾಳೆಯನ್ನು ಅವನು ಯಾರಿಗೂ ಓದಿ ಹೇಳಲಿಲ್ಲ. ಕರಡು ತಿದ್ದುವವನ ಕೆಲಸ ಚೆನ್ನಾಗಿದ್ದರೆ ಕಾಣುವುದಿಲ್ಲ. ಕಂಡರೆ ಚೆನ್ನಾಗಿಲ್ಲ ಎಂದು ಅರ್ಥ. ಕಾಣದ ಕೈಯನ್ನು ಕಾಣದವರೊಬ್ಬರು ಕಂಡಿದ್ದರು. ಮುಂದಿನ ಲೇಖನದ ಜೊತೆ ಅವನು ಚೀಟಿಯೊಂದನ್ನು ಲಗತ್ತಿಸಿದ: "ಇಲ್ಲಿ ಬಿಸಿಲು ಜಾಸ್ತಿ. ಅಲ್ಲಿ ಹೇಗೆ?" ಉತ್ತರ ಚೌಕದಲ್ಲಿ ಬಂತು: "ಹವಾಮಾನ ನನ್ನ ಕ್ಷೇತ್ರವಲ್ಲ. ಮಳೆ."

ಹಾಗೆ ಶುರುವಾದದ್ದು ವರ್ಷಗಟ್ಟಲೆ ನಡೆಯಿತು. ಅವನ ತಾಯಿ ತೀರಿಕೊಂಡಾಗ ಅವನು ಕಚೇರಿಯಲ್ಲಿ ದೊಡ್ಡದು ಮಾಡಲಿಲ್ಲ. ರಜೆ ಮುಗಿಸಿ ಬಂದು ಕೂತ. ಎಲ್ಲರೂ ಅವನ ಮುಖ ನೋಡಿ ಬಿಸಿಲಿಗೆ ಬಾಡಿದ್ದೀಯ ಎಂದರು. ಆ ಸಲದ ಷರಾದ ಚೌಕದಲ್ಲಿ ಹೀಗಿತ್ತು: "ಈ ಲೇಖನದ ಮೇಲೆ ನಿಮ್ಮ ಕೈ ಆಡಿಲ್ಲ. ಎಲ್ಲಿದೆ? ಕ್ಷೇಮವೇ?" ಅಂದು ಅಲ್ಪವಿರಾಮ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ನಿಂತಿದ್ದ.

ಆಮೇಲೆ ಟೈಪಿಸ್ಟ್ ಮದುವೆಯಾಗಿ ಹೋದಳು, ಕಟ್ಟು ಕಟ್ಟುವವನು ಬೇರೆ ಕಡೆ ಗಂಟು ಕಟ್ಟಿದ, ಚಂದಾದವನನ್ನು ಚಂದಾದಾರರೇ ಕೈಬಿಟ್ಟರು. ದಂಡನಾಯಕರು ಹಾಸಿಗೆ ಹಿಡಿದರು. ಹೋಗುವ ಮುಂಚೆ ತಲೆಯಲ್ಲಿದ್ದ ಹೆಸರು ವಿಳಾಸಗಳನ್ನೆಲ್ಲ ಹೆಂಡತಿಗೆ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿ ಹೋದರು. ಕವರುಗಳು ಈಗ ಆಕೆಯ ಕೈಯಿಂದ ಹೋಗಿ ಬರುತ್ತಿದ್ದವು. ತರಕಾರಿಗಳೂ ಒಂದೊಂದಾಗಿ ಬುಟ್ಟಿಯಿಂದ ಕಡಿಮೆಯಾದವು. ಹಾಗಲಕಾಯಿ ಉಳಿಯಿತು. ಖಾಲಿ ಕಚೇರಿಯಲ್ಲಿ ಅಲ್ಪವಿರಾಮ ಅದರ ಷರಾವನ್ನು ಗಟ್ಟಿಯಾಗಿ ಓದುತ್ತಿದ್ದ, ಪ್ರತಿ ಸಲ ಬೇರೆ ಬೇರೆ ಧ್ವನಿಯಲ್ಲಿ. ಯಾವುದೂ ಹೊಂದುತ್ತಿರಲಿಲ್ಲ. ಕೆಳಗೆ ಯಾರದೋ ಹಲ್ಲು ಕೊರೆಯುತ್ತಿತ್ತು.

ಹೀಗಿರುವಾಗ ಒಂದು ಸೋಮವಾರ, ದಂಡನಾಯಕರ ಜಾಗಕ್ಕೆ ಬಂದಿದ್ದ ಹೊಸ ಸಂಪಾದಕಿ ಕಚೇರಿಗೆ ಬಂದಳು. ಆಕೆ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದವಳು. ಒಳ್ಳೆಯವಳು, ಸದಾ ಅವಸರದವಳು, ಕಚೇರಿಗೆ ಅತಿಥಿಯ ಹಾಗೆ ಬಂದು ಹೋಗುತ್ತಿದ್ದಳು.

"ಸರ್, ಸ್ವಲ್ಪ ಕೂತ್ಕೊಳ್ಳಿ" ಎಂದಳು.

ಕೂತ್ಕೊಳ್ಳಿ ಎಂದವರು ಒಳ್ಳೆಯ ಸುದ್ದಿ ಹೇಳಿದ್ದನ್ನು ಅಲ್ಪವಿರಾಮ ಕಂಡಿರಲಿಲ್ಲ. ಆದರೂ ಕೂತ.

"ನಮ್ಮ ಪತ್ರಿಕೆನ ಒಂದು ದೊಡ್ಡ ಪ್ರಕಾಶನದವರು ತಗೊಳ್ತಿದಾರೆ. ಅವರದೇ ಇನ್ನೊಂದು ಪತ್ರಿಕೆ ಜೊತೆ ಸೇರಿಸ್ತಾರಂತೆ. ಇನ್ಮೇಲೆ ಎಲ್ಲ ಆನ್‌ಲೈನು. ಈ ಕಚೇರಿ ತಿಂಗಳ ಕೊನೆಗೆ ಖಾಲಿ ಮಾಡ್ಬೇಕು."

"ಅಂದ್ರೆ ಇದು ಮದುವೆನೋ, ಮಣ್ಣೋ?"

"ವಿಲೀನ ಅಂತಾರೆ ಸರ್."

"ಲೀನ ಆಗೋದಂತೂ ಖಾತ್ರಿ ಆಯ್ತು."

ಆಕೆ ನಗಲೋ ಬೇಡವೋ ಎಂದು ನೋಡಿ, ಅರ್ಧ ನಕ್ಕಳು. "ಕೊನೆ ಸಂಚಿಕೆಗೆ ಪತ್ರಿಕೆ ಇತಿಹಾಸ ಬೇಕು. ನೀವೇ ಬರೀರಿ. ನಿಮ್ಮ ಹೆಸರಲ್ಲೇ ಹಾಕೋಣ. ನಿಮ್ಮನ್ನ ಬಿಟ್ರೆ ಇನ್ಯಾರಿಗೆ ಗೊತ್ತಿದೆ?"

ಇಷ್ಟು ವರ್ಷ ಎಲ್ಲರ ಹೆಸರಿನ ಕಾಗುಣಿತ ತಿದ್ದಿದವನ ಹೆಸರು ಒಮ್ಮೆಯೂ ಅಚ್ಚಾಗಿರಲಿಲ್ಲ. ಅವನಿಗೆ ಆ ಹೊತ್ತಿಗೆ ಅದು ತಲೆಗೆ ಹೋಗಲಿಲ್ಲ.

"ಪರಿಶೀಲಕರು?" ಎಂದು ಕೇಳಿದ.

"ಅದನ್ನೆಲ್ಲ ಸೈಟೇ ನೋಡ್ಕೊಳತ್ತೆ. ಲೇಖನ ಹಾಕಿದ್ರೆ ಯಾರಿಗೆ ಕಳಿಸ್ಬೇಕು ಅಂತ ಅದೇ ಆರಿಸತ್ತೆ."

"ನಮ್ಮ ಹಳಬರು?"

"ಹೆಸರು ಇಮೇಲು ಕೊಡಿ, ಸೇರಿಸ್ತೀನಿ."

"ಹಾಗಲಕಾಯಿ" ಎಂದ.

ಫೋನಿನಲ್ಲಿ ಬರೆದುಕೊಳ್ಳಲು ಹೊರಟವಳ ಹೆಬ್ಬೆರಳು ನಿಂತಿತು. "ಇಮೇಲು?"

ಅವನಿಗೆ ಆಗ ಅರ್ಥವಾಯಿತು. ಪತ್ರಿಕೆಯಿಲ್ಲವೆಂದರೆ ಲೇಖನವಿಲ್ಲ. ಲೇಖನವಿಲ್ಲವೆಂದರೆ ಕವರಿಲ್ಲ. ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ, ಗಂಡೋ ಹೆಣ್ಣೋ ಗೊತ್ತಿಲ್ಲ. ತಿಂಗಳ ಕೊನೆಗೆ ಕಚೇರಿಯ ಬೀಗದ ಜೊತೆಗೆ ಹಾಗಲಕಾಯಿಯೂ ಮುಚ್ಚಿಹೋಗುತ್ತದೆ.

ಮರುದಿನವೇ ಬರೆಯಲು ಕೂತ. ಅಕ್ಕ ಎಂದಿನಂತೆ ಭಾನುವಾರ ಫೋನು ಮಾಡಿದಾಗ, "ಏನೋ, ಮುಗೀತೇನೋ ನಿನ್ನ ಯುದ್ಧ?" ಎಂದಳು.

"ಯುದ್ಧ ಮುಗೀತಕ್ಕ. ಅಡಿಟಿಪ್ಪಣಿ ಬಾಕಿ."

"ಮುಗಿದ ಮೇಲೆ ಇಲ್ಲಿಗೆ ಬಂದುಬಿಡು. ಕೆಳಗಿನ ರೂಮು ಖಾಲಿ ಇದೆ. ಒಬ್ಬನೇ ಅಲ್ಲಿ ಯಾರ ಜೊತೆ ಮಾತಾಡ್ತೀಯ?"

ಹಾಗಲಕಾಯಿ ಜೊತೆ ಎಂದರೆ ಅಕ್ಕ ಮುಂದಿನ ಬಸ್ಸಿಗೇ ಹೊರಟು ಬರುತ್ತಿದ್ದಳು.

ಇತಿಹಾಸ ಮುಗಿಯಿತು. ಅದನ್ನು ಕವರಿಗೆ ಹಾಕಿ, ಮೂಲೆಯಲ್ಲಿ ಪೆನ್ಸಿಲಿನಿಂದ 'ಹಾಗಲಕಾಯಿ' ಎಂದು ಬರೆದು, ದಂಡನಾಯಕರ ಮನೆಗೆ ಹೊರಟ. ಅವರ ಹೆಂಡತಿಯನ್ನು ಅವನು ಅತ್ತಿಗೆ ಎನ್ನುತ್ತಿದ್ದ. ಎಂಬತ್ತು ದಾಟಿದ ಆಕೆ ಒಬ್ಬರೇ ಇದ್ದರು, ನಾಲ್ಕನೆಯ ಮಹಡಿಯ ಎರಡು ಕೋಣೆಯ ಮನೆಯಲ್ಲಿ. ನಡುಮನೆಯಲ್ಲಿ ದಂಡನಾಯಕರ ಬೆತ್ತದ ಕುರ್ಚಿ ಹಾಗೇ ಇತ್ತು. ಅದರ ಮೇಲೆ ಯಾರೂ ಕೂರುತ್ತಿರಲಿಲ್ಲ, ಇಸ್ತ್ರಿ ಮಾಡಿದ ಬಟ್ಟೆ ಮಾತ್ರ ಕೂರುತ್ತಿತ್ತು.

"ಬಾರೋ ಅಲ್ಪ" ಎಂದರು ಅತ್ತಿಗೆ. ಚಹಾ ಕೊಟ್ಟರು. ಚಹಾ ಮುಗಿದ ಮೇಲೆ ಎಂದಿನಂತೆ, ಬೇರೆ ಕಡೆ ನೋಡುತ್ತ, "ಒಂದ್ಸಲ ಮಾತಾಡಪ್ಪ" ಎಂದರು.

ಇದು ಅವರಿಬ್ಬರ ನಡುವಿನ ರೂಢಿ. ಅವನು ಗಂಟಲು ಕೆರೆದುಕೊಂಡು, ಎಡ ಮೊಣಕಾಲು ಚಾಚಿ, ದಂಡನಾಯಕರ ಧ್ವನಿ ತೆಗೆದ: "ಗುಬ್ಬೀ, ನನ್ನ ಕನ್ನಡಕ ಎಲ್ಲಿ ಶರಣಾಗಿದೆ ನೋಡು. ಶತ್ರು ಮಂಚದ ಕೆಳಗೆ ಅಡಗಿರಬಹುದು, ಹ್ಞಾಂ?"

"ನಿಮ್ಮ ತಲೆ ಮೇಲೇ ಇದೆ" ಎಂದರು ಅತ್ತಿಗೆ, ಕಣ್ಣು ಮುಚ್ಚಿಕೊಂಡು. ಇಬ್ಬರೂ ನಕ್ಕರು. ನಗು ನಿಂತ ಮೇಲೆ ಆಕೆ ಕುರ್ಚಿಯ ಮೇಲಿನ ಬಟ್ಟೆಯ ಮಡಿಕೆ ಸರಿಮಾಡಿದರು.

"ಅತ್ತಿಗೆ, ಒಂದು ಕೇಳ್ತೀನಿ. ಇಲ್ಲ ಅನ್ಬೇಡಿ. ಹಾಗಲಕಾಯಿ ಯಾರು?"

"ಇಲ್ಲ."

"ಪತ್ರಿಕೆನೇ ಹೋಗ್ತಿದೆಯಲ್ಲ ಈಗ. ಯಾರು ಕಲ್ಲು ಹೊಡೀತಾರೆ?"

"ಹೋಗ್ತಿರೋದು ಪತ್ರಿಕೆ. ನಾನು ಕೊಟ್ಟ ಮಾತು ಎಲ್ಲಿಗೆ ಹೋಗತ್ತೆ?" ಅತ್ತಿಗೆ ಲೋಟಗಳನ್ನು ಎತ್ತಿಕೊಂಡರು. "ಅವರು ಮಲಗಿದ ಜಾಗದಲ್ಲೇ ನನ್ನ ಕೈ ಹಿಡಿದು ಹೇಳಿದ್ರು. ನಾನಾಗೇ ಬಿಡು ಅನ್ನೋವರೆಗೂ ಯಾರಿಗೂ ಹೇಳ್ಬೇಡ ಅಂತ. ಬಿಡು ಅನ್ನದೆ ಹೋದ್ರು."

ಅಲ್ಪವಿರಾಮ ಕವರನ್ನು ಚೀಲದಲ್ಲೇ ಇಟ್ಟುಕೊಂಡು ವಾಪಸು ಬಂದ. ಇದೇ ಕೊನೆಯ ಲೇಖನ, ಇದೇ ಕೊನೆಯ ಕವರು. ಕೊಟ್ಟುಬಿಟ್ಟರೆ ಮುಗಿಯಿತು.

ಆ ವಾರ ಖಾಲಿ ಕಚೇರಿಯಲ್ಲಿ ಹಳೆಯ ಸಂಪುಟಗಳನ್ನು ಡಬ್ಬಗಳಿಗೆ ತುಂಬುತ್ತ ಅವನು ತನಗೆ ತಾನೇ ಮಾತಾಡಿಕೊಂಡ. ಮೊದಲು ತನ್ನ ಧ್ವನಿಯಲ್ಲಿ. ಆಮೇಲೆ ಗೊತ್ತಿಲ್ಲದೆಯೇ ದಂಡನಾಯಕರ ಧ್ವನಿಯಲ್ಲಿ. ನಾನಾಗೇ ಬಿಡು ಅನ್ನೋವರೆಗೂ. ಅವನ ಕೈ ಡಬ್ಬದ ಮೇಲೆ ನಿಂತಿತು. ಬಿಡು ಎನ್ನಬಲ್ಲ ಗಂಟಲು ಲೋಕದಲ್ಲಿ ಇನ್ನೊಂದಿತ್ತು, ಮತ್ತು ಅದು ಅವನ ಕುತ್ತಿಗೆಯಲ್ಲೇ ಇತ್ತು.

ಮತ್ತೆ ಹೋದಾಗ ಅತ್ತಿಗೆ ಬಾಲ್ಕನಿಯ ಬಾಗಿಲಲ್ಲಿ ಅವನಿಗೆ ಬೆನ್ನು ಮಾಡಿ ನಿಂತು ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಅವನು ಬೆತ್ತದ ಕುರ್ಚಿಯ ಹಿಂದೆ ನಿಂತ. ಈ ಸಲ ಅವರು ಕೇಳಿರಲಿಲ್ಲ.

"ಗುಬ್ಬೀ" ಎಂದ.

ಬಟ್ಟೆ ಹಿಡಿದ ಕೈ ನಿಂತಿತು.

"ಸಾಕು ಕಣೇ. ಎಷ್ಟು ವರ್ಷ ಹೊತ್ಕೊಂಡಿರ್ತೀಯ. ಬಿಡು. ಆ ಹಾಗಲಕಾಯಿ ಹೆಸರು ಈ ಹುಡುಗನಿಗೆ ಹೇಳಿಬಿಡು. ನಾನೇ ಹೇಳ್ತಿದೀನಿ, ಹ್ಞಾಂ?"

ಅಷ್ಟು ಚೆನ್ನಾಗಿ ಅವನು ಯಾವತ್ತೂ ಆಡಿರಲಿಲ್ಲ. ಕೊನೆಯ ದಿನಗಳ ಏದುಸಿರು ಕೂಡ ಸರಿಯಾದ ಜಾಗದಲ್ಲಿ ಬಂದಿತ್ತು. ಅತ್ತಿಗೆ ನಿಧಾನವಾಗಿ ತಿರುಗಿದರು. ಅವನನ್ನು ನೋಡಲಿಲ್ಲ, ಕುರ್ಚಿಯನ್ನು ನೋಡಿದರು. ಮುಖದಲ್ಲಿ ವಯಸ್ಸೇ ಇರಲಿಲ್ಲ.

"ನಿಜವಾಗ್ಲೂ ಹೇಳ್ಲಾ?" ಎಂದು ಕುರ್ಚಿಯನ್ನು ಕೇಳಿದರು.

ಇನ್ನೊಂದು 'ಹ್ಞಾಂ' ಸಾಕಿತ್ತು. ಅದು ಅವನ ನಾಲಗೆಯ ಮೇಲೇ ಇತ್ತು. ಆದರೆ ಆ ಮುಖ ನೋಡಿದವನಿಗೆ ಮುಂದಿನದೂ ಕಂಡಿತು: ಹೆಸರು ಬಾಯಿಂದ ಬಿದ್ದ ಮೇಲೆ ಆಕೆ ಎಚ್ಚರಾಗುತ್ತಾರೆ, ಕುರ್ಚಿಯ ಮೇಲೆ ಬಟ್ಟೆ ಮಾತ್ರ ಇರುತ್ತದೆ, ಗಂಡ ಬಿಡು ಎಂದಿರುವುದಿಲ್ಲ.

ಅವನು ಅದೇ ಧ್ವನಿಯಲ್ಲಿ, "ಬೇಡ. ಕಾನೂನು ಅಂದ್ರೆ ಕಾನೂನು. ಸುಮ್ನೆ ಪರೀಕ್ಷೆ ಮಾಡಿದೆ" ಎಂದ.

ಅತ್ತಿಗೆ ಬಟ್ಟೆಯನ್ನು ಎದೆಗೊತ್ತಿಕೊಂಡರು. ಆಮೇಲೆ ಕೂತು ಮಡಚತೊಡಗಿದರು.

"ಅವರು ನನ್ನ ಯಾವತ್ತೂ ಪರೀಕ್ಷೆ ಮಾಡಿರ್ಲಿಲ್ಲ" ಎಂದರು.

"ತಪ್ಪಾಯ್ತು ಅತ್ತಿಗೆ."

"ಕೊಡು ಆ ಕವರು. ಇವತ್ತೇ ಹಾಕ್ತೀನಿ."

ಕೊಟ್ಟ. ಚಹಾ ಬಂತು, ಎಂದಿನ ಸಕ್ಕರೆಯೇ ಇತ್ತು. ಆದರೆ ಚಹಾ ಮುಗಿದ ಮೇಲೆ ಒಂದ್ಸಲ ಮಾತಾಡಪ್ಪ ಎನ್ನಲಿಲ್ಲ. ಮುಂದೆಯೂ ಎಂದೂ ಎನ್ನಲಿಲ್ಲ. ದಂಡನಾಯಕರು ಆ ಮನೆಯಿಂದ ಎರಡನೆಯ ಸಲ ಹೋದಂತಾಯಿತು, ಮತ್ತು ಈ ಸಲ ಕಳಿಸಿಕೊಟ್ಟವನು ಅವನು.

ತಿಂಗಳು ಮುಗಿಯುತ್ತ ಬಂತು. ಹಾಗಲಕಾಯಿಯಿಂದ ಷರಾ ಬರಲಿಲ್ಲ. ಕಪಾಟುಗಳು ಹೋದವು, ಟೈಪಿಸ್ಟ್ ಕೂತು ಸವೆದ ಕುರ್ಚಿ ಹೋಯಿತು. ಹಲ್ಲಿನ ಡಾಕ್ಟರು ಟೇಪು ಹಿಡಿದು ಬಂದು ಗೋಡೆ ಅಳೆದರು. ಮೇಲಿನ ಮಹಡಿಯನ್ನೂ ಅವರೇ ತೆಗೆದುಕೊಳ್ಳುತ್ತಿದ್ದರು. "ನಿಮ್ಮ ಕೆಳಗಿನ ಎಡಗಡೆ ದವಡೆ ಊದಿದ ಹಾಗಿದೆಯಲ್ಲ, ಬಂದು ತೋರಿಸಿ" ಎಂದರು. ದವಡೆ ಕಚ್ಚಿ ಹಿಡಿದದ್ದರಿಂದ ಹಾಗೆ ಕಾಣುತ್ತಿದೆ ಎಂದು ಅಲ್ಪವಿರಾಮ ಹೇಳಲಿಲ್ಲ.

ಕೊನೆಯ ದಿನ ಸಂಪಾದಕಿ ಬಂದಳು. "ಸರ್, ಸಂಜೆಯೊಳಗೆ ಸಂಚಿಕೆ ಕಳಿಸ್ಬೇಕು. ನಿಮ್ಮ ಇತಿಹಾಸ?"

"ಷರಾ ಬಂದಿಲ್ಲ."

"ಇದಕ್ಕೆಲ್ಲ ಯಾಕೆ ಷರಾ? ನೆನಪಿನ ಲೇಖನ. ಹಾಗೇ ಹಾಕ್ತೀನಿ ಬಿಡಿ."

"ಷರಾ ಇಲ್ದೆ ಈ ಪತ್ರಿಕೆಯಲ್ಲಿ ಒಂದು ಸಾಲೂ ಅಚ್ಚಾಗಿಲ್ಲ ಮೇಡಂ. ಸಂಪಾದಕೀಯ ಕೂಡ ಕುಂಬಳಕಾಯಿ ನೋಡಿನೇ ಹೋಗ್ತಿತ್ತು. ಅದರ ಇತಿಹಾಸನೇ ಕದ್ದು ಒಳಗೆ ನುಗ್ಗಿಸಿದ್ರೆ ಹೇಗೆ?"

"ನಿಮ್ಮ ಹೆಸರು ಬರೋದು ಇದೊಂದೇ ಸಲ ಸರ್."

"ಗೊತ್ತು."

ಆಕೆ ಅವನನ್ನು ದಿಟ್ಟಿಸಿ ನೋಡಿ, ಅವನ ತೋಳು ಮುಟ್ಟಿ ಹೊರಟಳು. ಸಂಚಿಕೆ ಇತಿಹಾಸವಿಲ್ಲದೆ ಹೊರಬಂತು. ಆ ಪುಟಗಳಲ್ಲಿ ಹೊಸ ಸೈಟಿನ ಜಾಹೀರಾತು ಹಾಕಿದ್ದರು. ಅಲ್ಪವಿರಾಮ ಹಿತ್ತಾಳೆಯ ಫಲಕದ ತಿರುಪು ಬಿಚ್ಚಿ ಚೀಲಕ್ಕೆ ಹಾಕಿಕೊಂಡ. ಬಾಗಿಲ ಮೇಲೆ ಅದರ ಆಕಾರದಷ್ಟು ಬಣ್ಣ ಮಾತ್ರ ಹೊಸದಾಗಿ ಉಳಿದಿತ್ತು.

ಆಮೇಲಿನ ದಿನಗಳು ಉದ್ದವಾಗಿದ್ದವು. ಬೆಳಗ್ಗೆ ಎದ್ದು ಅಂಗಿ ಹಾಕಿಕೊಂಡು, ಎಲ್ಲಿಗೆ ಎಂದು ನೆನಪಾಗಿ, ಹಾಗೇ ಕೂರುತ್ತಿದ್ದ. ಬಿಸ್ಕತ್ತಿನ ಪೊಟ್ಟಣದ ಮೇಲಿನ ಬರಹ ತಿದ್ದುತ್ತಿದ್ದ. ಎದುರು ಬೀದಿಯ ಅಂಗಡಿಯವನು "ಏನ್ ಸಾರ್, ಆರಾಮಾ?" ಎಂದರೆ ಅಂಗಡಿಯವನದೇ ಧ್ವನಿಯಲ್ಲಿ "ಆರಾಮ್ ಸಾರ್" ಎಂದು ಉತ್ತರ ಹೊರಡುತ್ತಿತ್ತು. ಅಂಗಡಿಯವನು ನಗುತ್ತಿದ್ದ. ದಿನದ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಅಕ್ಕನ ಮನೆಯ ಕೆಳಗಿನ ರೂಮಿಗೆ ಹೋಗಿಬಿಡೋಣವೆಂದು ಪೆಟ್ಟಿಗೆ ತೆಗೆದಿಟ್ಟ. ಬಟ್ಟೆ ತುಂಬುವುದನ್ನು ಇಂದು ನಾಳೆ ಎಂದು ಮುಂದೂಡಿದ.

ಒಂದು ಮಧ್ಯಾಹ್ನ ಅತ್ತಿಗೆಯ ಫೋನು ಬಂತು. "ಬಂದಿದೆ ನೋಡು" ಎಂದಷ್ಟೇ ಹೇಳಿ ಇಟ್ಟರು.

ಅವನು ನಾಲ್ಕು ಮಹಡಿ ಹತ್ತಿದ ಬಗೆ ಅವನಿಗೇ ನೆನಪಿಲ್ಲ. ಕವರು ಸುಟ್ಟ ವಾಸನೆ ಇನ್ನೂ ಅಡುಗೆಮನೆಯಲ್ಲಿತ್ತು. ಅತ್ತಿಗೆ ಹಾಳೆಗಳನ್ನು ಕೊಟ್ಟು ಬಾಲ್ಕನಿಗೆ ಹೋದರು. ಅವನು ನೆಲದ ಮೇಲೆ ಕೂತು ಓದಿದ.

ಕಹಿಗೆ ಏನೂ ಕಡಿಮೆಯಿರಲಿಲ್ಲ. "ಲೇಖಕರು ಕಟ್ಟಡದ ಹಲ್ಲಿನ ಡಾಕ್ಟರಿಗೆ ಕೊಟ್ಟ ಜಾಗವನ್ನು ವ್ಯಾಖ್ಯೆಯ ಚರ್ಚೆಗೆ ಕೊಡಬಹುದಿತ್ತು. ಕಲ್ಲಿನ ಘಟನೆಯ ಆಧಾರ ಎಲ್ಲಿ? ಒಬ್ಬ ಪರಿಶೀಲಕರ ಗುಣಗಾನ ಮೂರು ಪುಟ ತಿಂದಿದೆ. ಇದು ಇತಿಹಾಸವಲ್ಲ, ಪಕ್ಷಪಾತ. ಎಲ್ಲಕ್ಕಿಂತ ಗಂಭೀರ ಲೋಪ: ಬರೆದವರು, ಓದಿದವರು, ಅಚ್ಚು ಹಾಕಿದವರು, ಎಲ್ಲರೂ ಇದ್ದಾರೆ. ಪ್ರತಿ ಸಾಲಿನ ಮೇಲೂ ಕೈಯಾಡಿಸಿದ ಒಬ್ಬರು ಮಾತ್ರ ಇಲ್ಲ. ಅವರಿಲ್ಲದ ಇತಿಹಾಸವನ್ನು ನಾನು ಒಪ್ಪಲಾರೆ. ತೀರ್ಪು: ಪರಿಷ್ಕರಿಸಿ ಮತ್ತೆ ಕಳಿಸುವುದು."

ಕೆಳಗೆ ಚೌಕ. ಕಚೇರಿಗೆ ಮಾತ್ರ. "ಕೈಗೆ ಪೆಟ್ಟಾಗಿತ್ತು, ತಡವಾಯಿತು. ಪತ್ರಿಕೆ ಮುಚ್ಚಿದ ಸುದ್ದಿ ತಲುಪಿದೆ. ಅದು ಈ ಲೇಖನದ ಗುಣಮಟ್ಟಕ್ಕೆ ಸಂಬಂಧಿಸಿದ್ದಲ್ಲ. ಪರಿಷ್ಕರಣೆಗೆ ಗಡುವು ಇಲ್ಲ. ಇಲ್ಲಿ ಮಳೆ."

ಅವನು ಅದನ್ನು ಗಟ್ಟಿಯಾಗಿ ಓದಿದ. ಯಾವ ಧ್ವನಿಯನ್ನೂ ಹಾಕಲಿಲ್ಲ. ತನ್ನದರಲ್ಲೇ ಓದಿದ. ಹೊಂದಿತು.

ಮನೆಗೆ ಬಂದು ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿದ. ಮೇಜು ಕಿಟಕಿಗೆ ಎಳೆದುಕೊಂಡು ಪರಿಷ್ಕರಿಸಲು ಕೂತ. ಡಾಕ್ಟರನ್ನು ಒಂದು ಸಾಲಿಗೆ ಇಳಿಸಿದ. ವ್ಯಾಖ್ಯೆಯ ಜಗಳಕ್ಕೆ ಜಾಗ ಕೊಟ್ಟ. ಗುಣಗಾನವನ್ನು ಒಂದು ಪುಟಕ್ಕೆ ತಂದ. ಅದಕ್ಕಿಂತ ಕಡಿಮೆ ಮಾಡಲು ಮನಸ್ಸು ಬರಲಿಲ್ಲ. ಕರಡು ತಿದ್ದುವವನ ಬಗ್ಗೆ ಒಂದು ಪ್ಯಾರಾ ಬರೆದ, ಹೊಡೆದು ಹಾಕಿದ, ಮತ್ತೆ ಬರೆದ. ಅಚ್ಚಾಗುವ ಜಾಗವೇ ಇಲ್ಲದ ಲೇಖನವನ್ನು ಇಷ್ಟು ಜತನದಿಂದ ಅವನು ಹಿಂದೆಂದೂ ತಿದ್ದಿರಲಿಲ್ಲ.

ಕೊನೆಯ ಸಲ ಓದುವಾಗ, 'ಸಣ್ಣ ಸಮರ' ಹೆಸರು ಬದಲಿಸಿದ ವರ್ಷ ಒಂದು ಹಿಂದೆ ಬಿದ್ದಿರುವುದು ಕಣ್ಣಿಗೆ ಬಿತ್ತು. ಅವಸರದಲ್ಲಿ ತಾನೇ ಮಾಡಿದ ತಪ್ಪು. ಬೇರೆ ಯಾರಿಗೂ ಅಲ್ಲದಿದ್ದರೂ ಹಾಗಲಕಾಯಿಗೆ ಅದು ಖಂಡಿತ ಸಿಗುತ್ತಿತ್ತು, ಸಿಕ್ಕರೆ ಮತ್ತೊಂದು ಷರಾ ಬರುತ್ತಿತ್ತು. ಪೆನ್ನು ಅದರ ಮೇಲೆ ಹೋಯಿತು. ಜೀವಮಾನವಿಡೀ ಒಂದು ತಪ್ಪನ್ನೂ ಬದುಕಲು ಬಿಡದ ಕೈ ಅಲ್ಲೇ ನಿಂತಿತು.

ಅವನು ಪೆನ್ನಿನ ಮುಚ್ಚಳ ಹಾಕಿದ. ಹಾಳೆಗಳನ್ನು ಕವರಿಗೆ ಸೇರಿಸಿ, "ಇಲ್ಲಿ ಮೋಡ ಕವಿದಿದೆ. ಕೈ ಹೇಗಿದೆ?" ಎಂಬ ಚೀಟಿಯಿಟ್ಟು, ಅತ್ತಿಗೆಗೆ ತಲುಪಿಸಿದ.

ಆಕೆ ಕವರನ್ನು ಕೈಯಲ್ಲಿ ತೂಗಿ ನೋಡಿದರು. "ಈ ಸಲ ಎಲ್ಲ ಸರಿಯಾಗಿ ತಿದ್ದಿದೀಯ ತಾನೆ? ನನಗೂ ವಯಸ್ಸಾಯ್ತು, ಅಂಚೆ ಡಬ್ಬ ದೂರ."

"ನೋಡೋಣ ಅತ್ತಿಗೆ" ಎಂದ ಅಲ್ಪವಿರಾಮ. "ಕೊಡಿ, ಡಬ್ಬದವರೆಗೆ ನಾನೂ ಬರ್ತೀನಿ. ವಿಳಾಸ ನೋಡಲ್ಲ."

"ನೋಡಿದ್ರೆ ಕಿವಿ ಹಿಂಡ್ತೀನಿ" ಎಂದು ಅತ್ತಿಗೆ ಒಳಗೆ ಹೋಗಿ ವಿಳಾಸ ಬರೆದು, ಕವರನ್ನು ಸೆರಗಿನೊಳಗೆ ಮುಚ್ಚಿಕೊಂಡು ಬಂದರು. ಇಬ್ಬರೂ ಮೆಟ್ಟಿಲಿಳಿದರು, ಅವನು ಮುಂದೆ, ಆಕೆ ಅವನ ಹೆಗಲು ಹಿಡಿದು ಹಿಂದೆ.